ಗಯೆಯಲ್ಲಿ ಬಿಟ್ಟ ಬೇಳೆ

ಅವತ್ತು ನಮ್ಮ ಚಾಮರಾಜಪೇಟೆಯ ಮನೆಯ ಹಜಾರದಲ್ಲಿ ಎರಡು ಸಾಲು ಎಲೆ ಹಾಕಿತ್ತು. ಕಾಶಿ, ಗಯೆ ಮುಗಿಸಿ ಬಂದವರು ಗಂಗೆಯ ಗಿಂಡಿಗೆ ಪೂಜೆ ಮಾಡಿ ನೆಂಟರಿಷ್ಟರಿಗೆ ಸಮಾರಾಧನೆಯ ಊಟ ಹಾಕುವುದು ನಮ್ಮಲ್ಲಿ ನಡೆದುಬಂದದ್ದು. ಮಂಗಳಾರತಿ ಮುಗಿದು ಎಲ್ಲರೂ ಕೂತಿದ್ದರು. ನನ್ನ ಬಲಕ್ಕೆ ನನ್ನ ಹೆಂಡತಿಯ ತಮ್ಮ ಗುಂಡಣ್ಣ. ಅವನೂ ನಮ್ಮ ಜೊತೆ ಯಾತ್ರೆಗೆ ಬಂದಿದ್ದ. ಎದುರಿಗೆ, ಮಂಡಿ ಬಗ್ಗುವುದಿಲ್ಲವೆಂದು ಕುರ್ಚಿ ಮೇಜು ಹಾಕಿಸಿಕೊಂಡು, ಮಲ್ಲೇಶ್ವರದ ಚಿಕ್ಕಮ್ಮ. ನಮ್ಮಮ್ಮನ ತಂಗಿ, ಎಂಬತ್ತರ ಹತ್ತಿರ. ಬಡಿಸುತ್ತಿದ್ದವಳು ನನ್ನ ಹೆಂಡತಿ ಪದ್ಮಿನಿ.

ಇಂಥ ಊಟದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಗಯೆಯಲ್ಲಿ ಏನು ಬಿಟ್ಟಿರಿ? ಅಲ್ಲಿ ತಂದೆತಾಯಿಗೆ ಪಿಂಡ ಹಾಕಿದ ಮೇಲೆ ಆಲದ ಮರದ ಕೆಳಗೆ ನಿಂತು, ತನಗೆ ತುಂಬ ಇಷ್ಟವಾದ ಒಂದು ಕಾಯಿ, ಒಂದು ಹಣ್ಣು ಬಿಡುತ್ತೇನೆಂದು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಬಿಟ್ಟದ್ದನ್ನು ಜೀವ ಇರುವವರೆಗೆ ಮುಟ್ಟುವಂತಿಲ್ಲ. ನಮ್ಮ ಜನ ಈ ವಿಷಯದಲ್ಲಿ ಬಹಳ ಜಾಣರು. ಗುಂಡಣ್ಣ ಸುವರ್ಣಗೆಡ್ಡೆ ಮತ್ತು ಬೇಲದ ಹಣ್ಣು ಬಿಟ್ಟು ಬಂದಿದ್ದ. ಮುಂಜಿ ಆದಾಗಿನಿಂದ ಅವನು ಎರಡನ್ನೂ ಬಾಯಿಗೆ ಇಟ್ಟವನಲ್ಲ. ಅದನ್ನು ಅವನೇ ಹೇಳಿಕೊಂಡು ಎಲ್ಲರನ್ನೂ ನಗಿಸುತ್ತಿದ್ದ. ಆ ನಗುವಿನ ನಡುವೆ ಪದ್ಮಿನಿ ಹುಳಿಯ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆ ಬಗ್ಗಿದಳು. ನಾನು ಅನ್ನದ ಮೇಲೆ ಕೈ ಅಡ್ಡ ಹಿಡಿದೆ.

"ಯಾಕ್ರೀ?"

"ಬಿಟ್ಟಿದೀನಿ."

"ಏನನ್ನ?"

"ಬೇಳೆ. ಯಾವ ಬೇಳೆನೂ ಇಲ್ಲ. ಹಾಲು, ಮೊಸರೂ ಇಲ್ಲ."

ಗುಂಡಣ್ಣ ಒಂದು ಕ್ಷಣ ನನ್ನ ಮುಖ ನೋಡಿದ. "ಭಾವ, ಒಂದು ಕಾಯಿ ಒಂದು ಹಣ್ಣು ಬಿಡಿ ಅಂದ್ರೆ ನೀವು ಅಡುಗೆಮನೇನೇ ಬಿಟ್ಟು ಬಂದಿದೀರಲ್ಲ" ಅಂದ. ಸಾಲೆಲ್ಲ ನಕ್ಕಿತು. ಪದ್ಮಿನಿ ನಗಲಿಲ್ಲ. ಚಿಕ್ಕಮ್ಮನೂ ನಗಲಿಲ್ಲ.

ಯಾಕೆ ಬಿಟ್ಟೆ ಎಂದು ಅವತ್ತು ಯಾರಿಗೂ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಅಮ್ಮ ಹೋದದ್ದು ಮೂತ್ರಪಿಂಡದ ಕಾಯಿಲೆಯಿಂದ. ಕೊನೆಯ ನಾಲ್ಕು ತಿಂಗಳು ಬೇಳೆ, ಮೊಸರು ಕೊಡಲೇಬಾರದೆಂದು ಅವಳ ಡಾಕ್ಟರು ಬರೆದುಕೊಟ್ಟಿದ್ದರು. ನಾನು ಕರಡಚ್ಚು ತಿದ್ದುವ ಕೆಲಸದವನು. ಇಲ್ಲೇ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕಳೆದವನು. ಬರೆದಿದ್ದನ್ನು ಬರೆದ ಹಾಗೆ ಪಾಲಿಸುವುದೇ ನನ್ನ ಸ್ವಭಾವ. ಹೋಗುವುದಕ್ಕೆ ಎರಡು ದಿನ ಮುಂಚೆ ಅಮ್ಮ ನನ್ನ ಕೈ ಹಿಡಿದು, "ಸೀನು, ಒಂದು ಸೌಟು ಹುಳಿ ಹಾಕ್ಸೋ, ಮೇಲೆ ಒಂದು ತುತ್ತು ಮೊಸರನ್ನ ಸಾಕು" ಎಂದು ಕೇಳಿದಳು. ನಾನು ಆಗಲ್ಲಮ್ಮ ಅಂದೆ. ಅವಳು ಮತ್ತೆ ಕೇಳಲಿಲ್ಲ. ಗಯೆಯ ಮರದ ಕೆಳಗೆ ನಿಂತಾಗ ನನಗೆ ಬೇರೆ ಯಾವ ತರಕಾರಿಯೂ ನೆನಪಾಗಲಿಲ್ಲ.

ಹಾಲು ಬಿಟ್ಟರೆ ಕಾಫಿಯೂ ಹೋಯಿತು ಎಂಬುದು ನನಗೆ ಹೊಳೆದದ್ದು ಗಯೆಯಲ್ಲೇ ಮಾರನೆಯ ಬೆಳಿಗ್ಗೆ, ಲೋಟ ಮುಂದೆ ಬಂದಾಗ! ರೈಲಿನಲ್ಲಿ ಹೊಟ್ಟೆ ಸರಿಯಿಲ್ಲವೆಂದು ತಪ್ಪಿಸಿಕೊಂಡು ಊರು ಸೇರಿದ್ದೆ. ಆಮೇಲೆ ಬೆಲ್ಲ ಹಾಕಿದ ಕಪ್ಪು ಡಿಕಾಕ್ಷನ್ನೇ ನನ್ನ ಕಾಫಿಯಾಯಿತು.

ಮೂರು ವರ್ಷ ಹಾಗೆ ನಡೆಯಿತು. ಬೇಳೆಯಿಲ್ಲದ ಸಾರು, ಗೊಜ್ಜು, ಪಲ್ಯ, ಚಿತ್ರಾನ್ನ, ಅವಲಕ್ಕಿ. ಪದ್ಮಿನಿ ಮೊದಲ ವರ್ಷ ಜಗಳವಾಡಿದಳು, ಎರಡನೆಯ ವರ್ಷ ಬೇರೆ ಪಾತ್ರೆ ಇಟ್ಟಳು. ಮದುವೆ ಮುಂಜಿಗಳಲ್ಲಿ ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಜನ ಗೌರವದಿಂದ ನೋಡುತ್ತಿದ್ದರು. ಸುಳ್ಳೇಕೆ, ಅದು ನನಗೆ ಹಿಡಿಸಿತ್ತು.

ಮೂರನೆಯ ವರ್ಷ ಕಣಕಾಲು ಊದಲು ಶುರುವಾಯಿತು. ಕಾಲುಚೀಲ ಬಿಚ್ಚಿದರೆ ಅದರ ಅಂಚಿನ ಗುರುತು ಗಂಟೆಗಟ್ಟಲೆ ಹೋಗುತ್ತಿರಲಿಲ್ಲ. ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬೆರಳ ತುದಿಯಲ್ಲಿ, ತುಟಿಯ ಸುತ್ತ ಇರುವೆ ಹರಿದ ಹಾಗೆ ಜುಮ್ಮೆನ್ನುತ್ತಿತ್ತು. ಹಾಲು ಬಿಟ್ಟದ್ದಕ್ಕೆ ಕ್ಯಾಲ್ಸಿಯಂ ಕಡಿಮೆಯಾಗಿರಬೇಕು ಎಂದು ನಾನೇ ತೀರ್ಮಾನ ಮಾಡಿ ಔಷಧಿ ಅಂಗಡಿಯಿಂದ ಮಾತ್ರೆ ತಂದೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ವಾರಕ್ಕೊಮ್ಮೆ ವಿಟಮಿನ್ ಡಿ. ಒಂದು ದಿನವೂ ತಪ್ಪಿಸಿದವನಲ್ಲ. ಹಾಲಿನ ಕೆಲಸ ಮಾತ್ರೆ ಮಾಡುತ್ತದೆ, ಮಾತೂ ಉಳಿಯುತ್ತದೆ ಎಂದು ನೆಮ್ಮದಿಯಾಗಿದ್ದೆ.

ಒಂದು ಬೆಳಿಗ್ಗೆ ನಲ್ಲಿ ಬಂದಿರಲಿಲ್ಲ. ಅಂಗಳದ ಸಂಪಿನ ಕಟ್ಟೆಗೆ ಎದೆ ಊರಿ ಬಗ್ಗಿ, ಒಂದು ಬಕೆಟ್ ನೀರು ಎಳೆದೆ. ಒಣಗಿದ ಕಡ್ಡಿ ಮುರಿದಂಥ ಸದ್ದು ನನ್ನೊಳಗಿಂದಲೇ ಬಂತು. ಮೊದಲು ನೋವಾಗಲಿಲ್ಲ. ಸದ್ದು ಕೇಳಿದ್ದೇ ಹೆದರಿಕೆ. ಆಮೇಲೆ ಉಸಿರು ಎಳೆದುಕೊಳ್ಳಲು ಹೋದೆ, ಆಗಲಿಲ್ಲ.

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಯಾವಾಗ ಬಿದ್ದಿರಿ ಎಂದು ಕೇಳಿದರು. ಬೀಳಲಿಲ್ಲ ಅಂದೆ. ಸ್ಕೂಟರಿಂದ? ಇಲ್ಲ. ಬಚ್ಚಲಲ್ಲಿ? ಇಲ್ಲ. ಅವರು ಎಕ್ಸ್‌ರೇಯನ್ನು ಮತ್ತೆ ಎತ್ತಿ ನೋಡಿದರು. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಬೆನ್ನಿನ ಒಂದು ಮೂಳೆ ಯಾವಾಗಲೋ ಕುಸಿದು ಚಪ್ಪಟೆಯಾಗಿತ್ತು, ನನಗೇ ಗೊತ್ತಿರಲಿಲ್ಲ. "ಇನ್ಮೇಲೆ ಬೀಳ್ಲೇಬಾರ್ದು ಸರ್. ಬಿದ್ರೆ ಸೊಂಟ ಹೋಗುತ್ತೆ, ಮತ್ತೆ ಎದ್ದು ಓಡಾಡೋದು ಕಷ್ಟ" ಎಂದು ಹೇಳಿ, ವಿಶ್ವೇಶ್ವರಪುರದಲ್ಲಿ ಮೂಳೆ ಸವೆತ ನೋಡುವ ಒಬ್ಬ ಡಾಕ್ಟರಮ್ಮನಿಗೆ ಚೀಟಿ ಬರೆದುಕೊಟ್ಟರು.

ಅವತ್ತಿನಿಂದ ನೆಲ ನನಗೆ ನೆಲವಾಗಿ ಉಳಿಯಲಿಲ್ಲ. ಹೊಸ್ತಿಲು, ಬಚ್ಚಲ ಕಲ್ಲು, ಬಾಗಿಲ ಮುಂದಿನ ಒದ್ದೆ ರಂಗೋಲಿ, ಎಲ್ಲವೂ ನನಗಾಗಿ ಕಾದು ಕೂತಂತೆ ಕಾಣುತ್ತಿದ್ದವು. ಗೋಡೆ ಹಿಡಿದೇ ನಡೆಯುತ್ತಿದ್ದೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಳ್ಳುತ್ತಿದ್ದೆ.

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಕಾಯುವ ಕೋಣೆಯ ಗೋಡೆಗೆ ಗೂನುಬೆನ್ನಿನ ಅಜ್ಜಿಯೊಬ್ಬಳ ಚಿತ್ರ. ಕೂತಿದ್ದವರೆಲ್ಲ ಹೆಂಗಸರು. ಪದ್ಮಿನಿ ಹೆಸರು ಬರೆಸಲು ಹೋಗಿದ್ದಾಗ ಪಕ್ಕದ ವೃದ್ಧೆ ನನ್ನನ್ನು ನೋಡಿ, ನಿಮ್ಮ ಮನೆಯವರನ್ನು ಒಳಗೆ ಕಳಿಸಿದ್ದೀರಾ ಎಂದು ವಿಚಾರಿಸಿದರು. ಇಲ್ಲ, ತೋರಿಸಿಕೊಳ್ಳುವವನು ನಾನೇ ಅಂದಾಗ ಅವರ ಮುಖದಲ್ಲಿ ಕನಿಕರ ಮೂಡಿತು. ತಮ್ಮ ಚೀಲದಿಂದ ಒಂದು ಏಲಕ್ಕಿ ತೆಗೆದು ನನ್ನ ಅಂಗೈಗೆ ಹಾಕಿದರು. ಆ ದಿನಗಳಲ್ಲಿ ನನಗೆ ಸಿಕ್ಕ ಮೊದಲ ಸಮಾಧಾನ ಅದೇ ಇರಬೇಕು.

ಪದ್ಮಿನಿಯನ್ನು ಹೊರಗೇ ಕೂರಿಸಿ ಒಬ್ಬನೇ ಒಳಗೆ ಹೋದೆ. ಗಾಬರಿಯಾಗುತ್ತಾಳೆ ಎಂಬ ನೆಪ. ಡಾಕ್ಟರಮ್ಮ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನಿಧಾನಸ್ಥರು. ರಕ್ತ ಪರೀಕ್ಷೆಗಳ ಉದ್ದನೆಯ ಪಟ್ಟಿ ಬರೆದರು. ಮೂಳೆಯ ಮಜ್ಜೆಯಲ್ಲಿ ಏನಾದರೂ ಇದೆಯೋ ಎಂದು ಖಚಿತ ಮಾಡಿಕೊಳ್ಳಬೇಕು ಎಂದರು. ಏನಾದರೂ ಅಂದರೆ ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಚೆ ಬಂದು ಪದ್ಮಿನಿಗೆ, "ಸುಮ್ನೆ ರಕ್ತ ನೋಡ್ತಾರಂತೆ" ಎಂದಷ್ಟೇ ಹೇಳಿದೆ.

ಒಂದು ದಿನದ ಮೂತ್ರವನ್ನೆಲ್ಲ ಒಂದು ಕ್ಯಾನಿನಲ್ಲಿ ಹಿಡಿದು ಕೊಡಬೇಕಿತ್ತು. ಗುಂಡಣ್ಣ ನೋಡಲು ಬಂದವನು ಬಚ್ಚಲ ಮೂಲೆಯಲ್ಲಿದ್ದ ಆ ಕ್ಯಾನು ನೋಡಿ, "ಭಾವ, ಇದನ್ನ ಮರೆತು ದೇವರ ಮನೇಲಿ ಗಂಗೆ ಪಕ್ಕ ಇಟ್ಟುಬಿಟ್ಟೀರ" ಅಂದ. ನಗಲು ಹೋಗಿ ಪಕ್ಕೆ ಹಿಡಿದುಕೊಂಡು ಕೂತೆ. ನಗಿಸಿದ್ದಕ್ಕೆ ಪದ್ಮಿನಿ ತಮ್ಮನನ್ನು ಬೈದಳು. ಅವನು ಹೊರಡುವಾಗ ಬಾಗಿಲ ಹತ್ತಿರ ನಿಂತು, ನನ್ನ ಕಡೆ ನೋಡದೆ, ರಿಪೋರ್ಟ್ ಬರುವ ದಿನ ತಾನೂ ಬರುತ್ತೇನೆ ಎಂದ.

ರಿಪೋರ್ಟಿಗೆ ಕಾದ ಐದು ದಿನ ನಾನು ಒಂದು ಪುಟ ಕರಡನ್ನೂ ನೋಡಲಿಲ್ಲ. ಅಕ್ಷರ ಕಾಣುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ಪದ್ಮಿನಿ ಯಾವ ಕಾಗದಕ್ಕೆ ಎಲ್ಲಿ ಸಹಿ ಮಾಡಬೇಕು, ನೀರಿನ ಬಿಲ್ಲು ಎಲ್ಲಿದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಟ್ಟೆ. ಅವಳು ಅದನ್ನು ನೋಡಿದಳು. ಮಡಿಸಿ ಅಲ್ಲೇ ಇಟ್ಟಳು.

ಮಜ್ಜೆಯಲ್ಲಿ ಏನೂ ಇರಲಿಲ್ಲ. ಗುಂಡಣ್ಣ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡ. ಆದರೆ ಡಾಕ್ಟರಮ್ಮನ ಹಣೆಯ ಗೆರೆ ಹೋಗಿರಲಿಲ್ಲ. ಇಷ್ಟು ಮಾತ್ರೆ ನುಂಗುವವನ ಮೂತ್ರದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಅದು ಮೈಗೆ ಸೇರುತ್ತಲೇ ಇಲ್ಲ. ಮಾತ್ರೆ ನಿಜವಾಗಲೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ನನಗೆ ಅವಮಾನವಾಯಿತು. ಊಟ ಹೇಗೆ ಎಂದರು.

"ಸಾತ್ವಿಕ ಊಟ. ಏನೂ ತೊಂದ್ರೆ ಇಲ್ಲ" ಅಂದೆ.

ನಾನು ಮಾಡಿದ ದೊಡ್ಡ ತಪ್ಪು ಇದು. ಅಮ್ಮನಿಗಾಗಿ ಬಿಟ್ಟದ್ದನ್ನು ನೆಂಟರಲ್ಲದವರ ಮುಂದೆ ಹೇಳಿಕೊಳ್ಳಬಾರದು, ಹೇಳಿದರೆ ಅದರ ಫಲ ಹೋಗುತ್ತದೆ ಎಂದು ನಾನು ನಂಬಿದ್ದೆ. ಹೇಳಿದರೆ ತಿನ್ನಿ ಅನ್ನುತ್ತಾರೆ ಎಂಬ ಭಯವೂ ಒಳಗೆ ಇತ್ತು. ಆ ಒಂದು ಉತ್ತರದಿಂದಾಗಿ ನನ್ನ ಗಂಟಲಲ್ಲಿ ಕ್ಯಾಮೆರಾ ಇಳಿಸಿದರು, ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮತ್ತೆ ಒಂದು ವಾರ ಕಾಯುವುದು. ಆ ವಾರ ನಾನು ಸ್ನಾನವನ್ನೂ ಕುರ್ಚಿಯ ಮೇಲೆ ಕೂತೇ ಮಾಡಿದೆ. ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಪದ್ಮಿನಿ ಆಚೆ ನಿಂತು ಎರಡು ನಿಮಿಷಕ್ಕೊಮ್ಮೆ, "ಇದೀರಾ?" ಎನ್ನುತ್ತಿದ್ದಳು. ನಾನು ಒಳಗಿಂದ, "ಇದೀನಿ" ಎನ್ನುತ್ತಿದ್ದೆ.

ಕರುಳಿನಲ್ಲಿ ರೋಗವಿಲ್ಲ ಎಂದು ಬಂತು. ಮುಂದೆ ಯಾವ ಪರೀಕ್ಷೆ ಮಾಡಿಸುವುದೆಂದು ಡಾಕ್ಟರಮ್ಮ ಯೋಚಿಸುತ್ತಿರುವಾಗ ಬಾಗಿಲು ತೆರೆಯಿತು. ಪದ್ಮಿನಿ ಯಾರನ್ನೂ ಕೇಳದೆ ಒಳಗೆ ಬಂದಳು.

"ಡಾಕ್ಟ್ರೇ, ಇವರು ಮೂರು ವರ್ಷದಿಂದ ಬೇಳೆ ಮುಟ್ಟಿಲ್ಲ. ಕಾಳಿಲ್ಲ, ಹಾಲಿಲ್ಲ, ಮೊಸರಿಲ್ಲ. ಬರೀ ಅನ್ನ, ಗೊಜ್ಜು. ನಿಮಗೆ ಹೇಳಿದಾರೋ ಇಲ್ವೋ ಗೊತ್ತಿಲ್ಲ. ಹೇಳಿರಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನನ್ನ ಕಡೆ ಬಹಳ ಹೊತ್ತು ನೋಡಿದರು. ಸಿಟ್ಟಿರಲಿಲ್ಲ, ದಣಿವಿತ್ತು.

"ಸರ್, ನೀವು ಮಾಮೂಲ್‌ಪೇಟೆ ನೋಡಿದೀರಲ್ಲ? ಅಲ್ಲಿಗೆ ದಿನಾ ಲಾರಿ ತುಂಬ ಮಾಲು ಬರ್ತಿದೆ ಅಂದ್ಕೊಳ್ಳಿ. ಇಳಿಸಿ ಒಳಗೆ ಸಾಗಿಸೋಕೆ ಹಮಾಲಿಗಳೇ ಇಲ್ಲ. ಲಾರಿ ಏನ್ ಮಾಡುತ್ತೆ? ಹಾಗೇ ವಾಪಸ್ ಹೋಗುತ್ತೆ. ನಿಮ್ಮ ಕ್ಯಾಲ್ಸಿಯಂ ಮಾತ್ರೆ ಆ ಲಾರಿ. ಕರುಳಿನ ಗೋಡೆ ದಾಟಿಸೋ ಹಮಾಲಿಗಳನ್ನ ಮೈ ಪ್ರೋಟೀನ್‌ನಿಂದಲೇ ಮಾಡ್ಕೋಬೇಕು. ಅದನ್ನೇ ನೀವು ಬಿಟ್ಟು ಕೂತಿದೀರ. ಒಳಗೆ ಬರದೇ ಇದ್ದಾಗ ಮೈ ಮೂಳೆಯಿಂದ ಕಿತ್ಕೊಳ್ಳುತ್ತೆ."

ಇಷ್ಟೇ ಎಂದು ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಮೊಟ್ಟೆ ಆಗುತ್ತದೆಯೇ ಎಂದು ಅವರು ಕೇಳಿದಾಗ ಪದ್ಮಿನಿ ಸೂರು ನೋಡಿದಳು. ಬೇಡ, ಬೇಳೆ ಹಾಲೇ ಸಾಕು, ಆದರೆ ಇವತ್ತಿನಿಂದಲೇ ಎಂದರು. ತಿನ್ನದಿದ್ದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಒಂದಲ್ಲ ಒಂದು ದಿನ ಬೀಳುತ್ತೀರಿ, ಆಮೇಲೆ ಬೇಳೆ ತಿಂದೂ ಪ್ರಯೋಜನವಿರುವುದಿಲ್ಲ ಎಂದರು.

ಮನೆಗೆ ಬಂದ ಸಂಜೆ ಪದ್ಮಿನಿ ತೊಗರಿಬೇಳೆಯ ಕಟ್ಟಿಗೆ ತುಪ್ಪ ಹಾಕಿ ಮುಂದಿಟ್ಟಳು. ಕೈ ಹೋಗಲಿಲ್ಲ. ಹೆದರಿಕೆ ಈಗ ಎರಡು ಕಡೆಯಿಂದಲೂ. ತಿಂದರೆ ಅಮ್ಮನಿಗೆ ಕೊಟ್ಟ ಮಾತು ಹೋಗುತ್ತದೆ, ತಿನ್ನದಿದ್ದರೆ ಸೊಂಟ. ಮಾರನೆಯ ದಿನವೂ ಬಟ್ಟಲು ಹಾಗೇ ಒಳಗೆ ಹೋಯಿತು. ಮೂರನೆಯ ದಿನ ಅವಳು ಬಟ್ಟಲು ಇಡಲಿಲ್ಲ. ಎದುರಿಗೆ ಕೂತಳು.

"ಅತ್ತೆಗೆ ಮಾತು ಕೊಟ್ಟಿದೀರಿ, ಸರಿ. ನನಗೇನ್ ಕೊಟ್ಟಿದೀರಿ? ನಾಳೆ ನಿಮ್ಮನ್ನ ಎತ್ತಿ ಕೂರಿಸೋಳು ನಾನಲ್ವಾ?"

ಅವಳು ಎದ್ದು ಸೀರೆ ಬದಲಿಸಿ, ಆಟೋ ಕರೆದಳು. ಬೆನ್ನಿಗೊಂದು, ಪಕ್ಕೆಗೊಂದು ದಿಂಬು ಕೊಟ್ಟು ಮಲ್ಲೇಶ್ವರಕ್ಕೆ ಕರೆದುಕೊಂಡು ಹೋದಳು. ಪ್ರತಿ ಉಬ್ಬಿಗೂ ನಾನು ಕಂಬಿ ಬಿಗಿ ಹಿಡಿಯುತ್ತಿದ್ದೆ. ಆಟೋದವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಕೇಳದೆಯೇ ನಿಧಾನ ಮಾಡಿದರು.

ಚಿಕ್ಕಮ್ಮ ಬತ್ತಿ ಹೊಸೆಯುತ್ತಾ ಕೂತಿದ್ದರು. ಪದ್ಮಿನಿ ಎಲ್ಲ ಹೇಳಿದಳು. ಚಿಕ್ಕಮ್ಮ ನೇಮನಿಷ್ಠೆಯಲ್ಲಿ ಒಂದು ಕೂದಲೆಳೆಯೂ ಸಡಿಲಿಸುವವರಲ್ಲ. ಗಯೆಯಲ್ಲಿ ಬಿಟ್ಟಿದ್ದನ್ನು ತಿರುಗಿ ತಿನ್ನುವ ಹಾಗಿಲ್ಲ ಎಂದೇ ಶುರು ಮಾಡಿದರು. ಆಮೇಲೆ ಬತ್ತಿ ಕೆಳಗಿಟ್ಟು, ಯಾಕೆ ಬಿಟ್ಟೆ ಹೇಳು ಎಂದರು. ಮೂರು ವರ್ಷ ಯಾರಿಗೂ ಹೇಳದೆ ಇದ್ದದ್ದು ಅವತ್ತು ಬಾಯಿಂದ ಬಂತು. ಆ ಒಂದು ಸೌಟು ಹುಳಿ, ಆ ಮೊಸರನ್ನ, ನಾನು ಆಗಲ್ಲ ಅಂದದ್ದು.

ಚಿಕ್ಕಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಅಕ್ಕ ನನ್ನನ್ನೂ ಕೇಳಿದ್ದಳು ಕಣೋ. ನಾನೂ ಕೊಡ್ಲಿಲ್ಲ. ನಾನೇನು ಊಟ ಬಿಟ್ಟು ಕೂತಿದೀನಾ?" ಎಂದರು. ಆಮೇಲೆ ದನಿ ಬದಲಾಯಿಸಿದರು. "ಸೀನು, ನೀನು ಚಿಕ್ಕವನಾಗಿದ್ದಾಗ ಹುಳಿ ಬಡಿಸಿದ್ರೆ ಬೇಳೆನೆಲ್ಲ ಎಲೆ ಅಂಚಿಗೆ ತಳ್ಳಿ ಬೈಸ್ಕೊತಿದ್ದೆ. ನಿನಗೆ ಯಾವತ್ತಪ್ಪ ಇಷ್ಟ ಇತ್ತು ಬೇಳೆ? ಅದು ಅವಳಿಗೆ ಇಷ್ಟ, ಆ ಮೊಸರನ್ನವೂ ಅವಳದೇ ಆಸೆ. ಅಲ್ಲಿ ಬಿಡಬೇಕಾದ್ದು ನಮಗೆ ಇಷ್ಟವಾದದ್ದನ್ನ. ಅವಳಿಗೆ ಇಷ್ಟವಾದದ್ದನ್ನ ಬಿಡೋಕೆ ನಿನಗೆ ಯಾರು ಅಧಿಕಾರ ಕೊಟ್ರು? ಅದು ಬಿಟ್ಟ ಲೆಕ್ಕಕ್ಕೇ ಬರಲ್ಲ."

ನಾನು ಬಾಯಿ ತೆರೆದೆ. ಚಿಕ್ಕಮ್ಮ ಕೈ ಎತ್ತಿ ತಡೆದರು.

"ನಿನಗೆ ಇಷ್ಟವಾದದ್ದು ಏನು ಹೇಳು."

"ಹಲಸಿನ ಹಣ್ಣು" ಅಂದೆ.

"ಅದನ್ನ ಬಿಡು. ಇಲ್ಲೇ, ನನ್ನ ಮುಂದೆ. ಅದಕ್ಕೋಸ್ಕರ ಇನ್ನೊಂದು ಸಲ ರೈಲು ಹತ್ತಬೇಡ" ಎಂದರು. ಪದ್ಮಿನಿಗೆ ಒಳಗೆ ಹೋಗಿ ಬೇಳೆಯ ಕಟ್ಟು ಹಾಕಿ ಅನ್ನ ಕಲಸಿ ತರಲು ಹೇಳಿದರು.

ಮೊದಲ ತುತ್ತು ನುಂಗಿದಾಗ ಶಾಂತಿಯೇನೂ ಸಿಗಲಿಲ್ಲ. ಆ ವಾರವೆಲ್ಲ ಏನೋ ಆಗಿಯೇ ಆಗುತ್ತದೆ ಎಂದು ಕಾದೆ. ಆದದ್ದು ಹೊಟ್ಟೆ ಉಬ್ಬರ ಮಾತ್ರ. ಬೇಳೆ ಮರೆತಿದ್ದ ಹೊಟ್ಟೆಗೆ ಮೊದಲು ಕಟ್ಟು, ಆಮೇಲೆ ಹೆಸರುಬೇಳೆ, ಆಮೇಲೆ ತೊಗರಿ, ಮಜ್ಜಿಗೆ, ಮೊಸರು. ಮಾತ್ರೆಗಳೂ ನಡೆದವು, ಬೇರೆ ಲೆಕ್ಕದಲ್ಲಿ. ಮೊದಲ ಲೋಟ ಹಾಲಿನ ಕಾಫಿ ಕುಡಿದ ದಿನ ಗುಂಡಣ್ಣ ಎದುರಿಗಿದ್ದ. ಅವನು ಏನೂ ತಮಾಷೆ ಮಾಡಲಿಲ್ಲ, ತನಗೂ ಇನ್ನೊಂದು ಲೋಟ ಬೇಕೆಂದ.

ತಿಂಗಳುಗಳು ಹೋದವು. ಕಾಲಿನ ಊತ ಇಳಿಯಿತು, ಬೆರಳ ಜುಮ್ಮು ನಿಂತಿತು. ರಕ್ತದ ಅಂಕಿಗಳು ಒಂದೊಂದಾಗಿ ಸರಿಯಾದವು. ಭಯ ಮಾತ್ರ ಅಂಕಿ ನೋಡಿ ಹೋಗುವಂಥದ್ದಲ್ಲ. ಡಾಕ್ಟರಮ್ಮ ನಡೆಯಿರಿ ಎಂದರು, ನಾನು ಅಂಗಳದಲ್ಲೇ ಗೋಡೆ ಸವರಿಕೊಂಡು ನಡೆದೆ. ಬಸ್ಸು ಹತ್ತಲಿಲ್ಲ. ಮಳೆ ಬಂದ ದಿನ ಹೊಸ್ತಿಲು ದಾಟಲಿಲ್ಲ. ಮೂಳೆ ಗಟ್ಟಿಯಾಗುತ್ತಿದೆ ಎಂದು ಅವರು ಹೇಳುತ್ತಿದ್ದರು. ಒಳಗಿನದು ನನಗೆ ಹೇಗೆ ಗೊತ್ತಾಗಬೇಕು? ಇಂಥ ಕಾಯಿಲೆಯವರು ಇದನ್ನು ಓದುತ್ತಿದ್ದರೆ ನಾನು ಹೇಳಬಹುದಾದದ್ದು ಇಷ್ಟೇ. ಮೈ ಮೊದಲು ವಾಸಿಯಾಗುತ್ತದೆ, ಮನಸ್ಸು ಹಿಂದಿನಿಂದ ಬಹಳ ತಡವಾಗಿ ಬರುತ್ತದೆ. ಡಾಕ್ಟರಿಗೆ ಎಲ್ಲ ಹೇಳಿ. ಊಟದ ವಿಷಯ ಮುಚ್ಚಿಡಬೇಡಿ. ಜೊತೆಯವರನ್ನು ಕಾಯುವ ಕೋಣೆಯಲ್ಲಿ ಕೂರಿಸಿ ಒಬ್ಬರೇ ಒಳಗೆ ಹೋಗಬೇಡಿ.

ಹೋದ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ದಿನ ಇರುವಾಗ, ಪದ್ಮಿನಿಯ ಜೊತೆ ಗಾಂಧಿಬಜಾರಿಗೆ ಹೋದೆ. ಅವಳೇ ಬಲವಂತ ಮಾಡಿದ್ದು. ಬೆಳಗಿನ ತುಂತುರು ನಿಂತಿತ್ತು, ರಸ್ತೆಯಲ್ಲಿ ಬಾಳೆಕಂಬದ ಸಿಪ್ಪೆ ಹರಡಿತ್ತು. ಅವಳು ಸೇವಂತಿಗೆ ಚೌಕಾಸಿ ಮಾಡುತ್ತಿದ್ದಳು. ನಾನು ಹಿಂದೆ ಸರಿಯಲು ಹೋಗಿ ಕಾಲು ಜಾರಿತು. ಹಿಡಿಯಲು ಏನೂ ಸಿಗಲಿಲ್ಲ. ಎಡಸೊಂಟದ ಮೇಲೆ ಪೂರ್ತಿ ಭಾರ ಬಿದ್ದು, ಕೆಸರಲ್ಲಿ ಕೂತೆ.

ಸದ್ದಿಗಾಗಿ ಕಾದೆ. ಪದ್ಮಿನಿ ಕೂಗಲಿಲ್ಲ. ಪಕ್ಕದಲ್ಲಿ ಮಂಡಿಯೂರಿ, "ಎಲ್ಲಿ?" ಎಂದು ಮಾತ್ರ ಕೇಳಿದಳು. ಗೊತ್ತಿಲ್ಲ ಅಂದೆ. ಹೂವಿನಾಕೆ ತನ್ನ ಗೋಣಿಚೀಲ ಎಳೆದು ನನ್ನ ಪಕ್ಕಕ್ಕೆ ಹಾಸಿ, "ಏಳ್ಬೇಡಿ ಸ್ವಾಮಿ, ಸುಧಾರಿಸ್ಕಳಿ" ಎಂದಳು. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಕಾಲು ಬೆರಳು ಆಡಿಸಿದೆ. ಮಂಡಿ ಮಡಿಸಿದೆ. ಆಮೇಲೆ ಪದ್ಮಿನಿಯ ಭುಜ ಹಿಡಿದು ಎದ್ದೆ. ನಿಂತೆ.

ಅಲ್ಲಿಂದ ನೇರ ವಿಶ್ವೇಶ್ವರಪುರಕ್ಕೆ ಹೋದೆವು. ಎಕ್ಸ್‌ರೇ ತೆಗೆಸಿದರು. ಡಾಕ್ಟರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಏನೂ ಆಗಿಲ್ಲ ಎಂದರು. ಮೂಗೇಟಿಗೆ ಹಚ್ಚಲು ಮುಲಾಮು ಬರೆದುಕೊಟ್ಟರು. ನಾವಿಬ್ಬರೂ ನಡೆದುಕೊಂಡು ಮತ್ತೆ ಗಾಂಧಿಬಜಾರಿಗೆ ಬಂದೆವು. ಪದ್ಮಿನಿ ಅದೇ ಹೂವಿನಾಕೆಯ ಹತ್ತಿರ ಆರು ಮೊಳ ಸೇವಂತಿಗೆ ಕೊಂಡಳು, ಈ ಸಲ ಚೌಕಾಸಿ ಮಾಡಲಿಲ್ಲ.